ಡೊಮೇನ್ ಅಡ್ಮಿನ್ ಮಾಡದೆ ಹೆಲ್ಪ್‌ಡೆಸ್ಕ್‌ಗೆ ಅಧಿಕಾರ ಕೊಡುವುದು ಹೇಗೆ: ಆಕ್ಟಿವ್ ಡೈರೆಕ್ಟರಿ ಡೆಲಿಗೇಶನ್ ಸಮಗ್ರ ಮಾರ್ಗದರ್ಶಿ

ಆಕ್ಟಿವ್ ಡೈರೆಕ್ಟರಿ (ಎಲ್ಲರ ಖಾತೆ, ಕಂಪ್ಯೂಟರ್‌ಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ಮೈಕ್ರೋಸಾಫ್ಟ್ ವ್ಯವಸ್ಥೆ) ಇರುವ ಯಾವುದಾದರೂ ಸಣ್ಣ ಆಫೀಸಿಗೋ ಕಾಲೇಜಿಗೋ ಹೋಗಿ 'ಡೊಮೇನ್ ಅಡ್ಮಿನ್ಸ್' ಗುಂಪು ತೆರೆದು ನೋಡಿ. ಇಬ್ಬರು ಇರಬೇಕಾದ ಕಡೆ ಉದ್ದದ ಪಟ್ಟಿಯೇ ಇರುತ್ತದೆ. ಇವರೆಲ್ಲ ಯಾಕೆ ಇಲ್ಲಿದ್ದಾರೆ ಅಂತ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಪಾಸ್‌ವರ್ಡ್ ರೀಸೆಟ್ ಮಾಡೋಕೆ ಬೇಕಿತ್ತು, ಸೇರಿಸಿದ್ವಿ." ಒಂದು ಪಾಸ್‌ವರ್ಡ್ ಬದಲಿಸಲಿಕ್ಕೆ ಇಡೀ ಡೊಮೇನ್, ಅಂದರೆ ಆ ವ್ಯವಸ್ಥೆಯೊಳಗಿನ ಎಲ್ಲ ಖಾತೆ ಮತ್ತು ಕಂಪ್ಯೂಟರ್, ಕೈಗೆ ಕೊಡಬೇಕಾಗಿಲ್ಲ. ವಿಂಡೋಸ್ 2000 ಸರ್ವರ್ ಬಂದ ಕಾಲದಿಂದಲೂ ಇದಕ್ಕೆ ಬೇರೆ ದಾರಿ ಇದೆ: ಡೆಲಿಗೇಶನ್, ಅಂದರೆ ಬೇಕಾದ ಕೆಲಸದ ಅಧಿಕಾರ ಮಾತ್ರ ಕೊಡುವುದು. ಅದಕ್ಕೆ ದುಡ್ಡೂ ಕೊಡಬೇಕಿಲ್ಲ, ಬೇರೆ ಸಾಫ್ಟ್‌ವೇರೂ ಬೇಡ.

ಉದಾಹರಣೆಗೆ ಒಂದು ಕಾಲೇಜು ಅಂದುಕೊಳ್ಳಿ. ಒಂದು ಡೊಮೇನ್, ಎರಡು ಡೊಮೇನ್ ಕಂಟ್ರೋಲರ್ (ಖಾತೆಗಳನ್ನು ಇಟ್ಟುಕೊಂಡು ಲಾಗಿನ್ ಪರಿಶೀಲಿಸುವ ಸರ್ವರ್), ಒಂದಿಷ್ಟು ಸಾವಿರ ವಿದ್ಯಾರ್ಥಿಗಳ ಖಾತೆ, ಬೋಧಕರು, ಆಫೀಸಿನವರು, ಪ್ರಿನ್ಸಿಪಾಲರು. ಸಿಸ್ಟಮ್ ಅಡ್ಮಿನ್ ಒಬ್ಬರೇ. ಲ್ಯಾಬ್ ಅಸಿಸ್ಟೆಂಟ್‌ಗಳು ಮೂರು ಜನ. ಅಡ್ಮಿಷನ್ ಮುಗಿದು ಕ್ಲಾಸ್ ಶುರುವಾಯಿತು ಅಂದರೆ ಸಾಕು, ಲ್ಯಾಬ್ ಬಾಗಿಲಲ್ಲಿ "ಸಾರ್, ಪಾಸ್‌ವರ್ಡ್ ಮರೆತೋಯ್ತು" ಅಂತ ಕ್ಯೂ. ಈ ಕೆಲಸ ಲ್ಯಾಬ್ ಅಸಿಸ್ಟೆಂಟ್‌ಗಳೇ ಮಾಡಬೇಕು, ಆದರೆ ವಿದ್ಯಾರ್ಥಿಗಳ ಖಾತೆ ಬಿಟ್ಟು ಬೇರೆ ಯಾವುದನ್ನೂ ಮುಟ್ಟಬಾರದು. ನಾವು ಮಾಡಬೇಕಿರುವುದು ಇಷ್ಟೇ.

ಅಕೌಂಟ್ ಆಪರೇಟರ್ಸ್ ಗುಂಪಿಗೆ ಸೇರಿಸಿದರೆ ಆಗಲ್ವಾ?

ಬೇಡ. ಹೆಸರು ನೋಡಿದರೆ ಇದಕ್ಕಂತಲೇ ಮಾಡಿದ ಹಾಗಿದೆ, ಅದಕ್ಕೇ ತುಂಬ ಜನ ಇಲ್ಲಿಗೇ ಬಂದು ನಿಲ್ಲುತ್ತಾರೆ. ಆದರೆ ಈ ಗುಂಪಿನಲ್ಲಿ ಇರುವವರು ಡೊಮೇನ್‌ನ ಬಹುತೇಕ ಎಲ್ಲ ಖಾತೆಗಳನ್ನೂ ಗುಂಪುಗಳನ್ನೂ ಬದಲಿಸಬಹುದು, ಹೊಸದು ಮಾಡಬಹುದು, ಅಳಿಸಬಹುದು. ಅದರ ಜೊತೆಗೆ ಡೊಮೇನ್ ಕಂಟ್ರೋಲರ್ ಮುಂದೆ ಕೂತು ನೇರವಾಗಿ ಲಾಗಿನ್ ಆಗುವ ಹಕ್ಕೂ ಸಿಗುತ್ತದೆ. ಮೈಕ್ರೋಸಾಫ್ಟ್ ಕೂಡ ಈ ಗುಂಪನ್ನು ಖಾಲಿ ಬಿಡಿ ಅಂತಲೇ ಹೇಳುತ್ತದೆ. ಸರ್ವರ್ ಆಪರೇಟರ್ಸ್, ಪ್ರಿಂಟ್ ಆಪರೇಟರ್ಸ್ ಗುಂಪುಗಳದ್ದೂ ಇದೇ ಕಥೆ. ಇವೆಲ್ಲ ಹಳೇ ವಿಂಡೋಸ್ ಎನ್‌ಟಿ ಕಾಲದ ಪಳೆಯುಳಿಕೆಗಳು. ಈಗಾಗಲೇ ಯಾರನ್ನಾದರೂ ಸೇರಿಸಿದ್ದರೆ ಅವರ ಹೆಸರು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೌಸ್ ಮುಟ್ಟುವ ಮುಂಚೆ

ಒಂದು ಹಾಳೆ ತಗೊಂಡು ಯಾರು, ಯಾರ ಖಾತೆಯ ಮೇಲೆ, ಏನು ಮಾಡಬೇಕು ಅಂತ ಬರೆಯಿರಿ. ನಮ್ಮ ಕಾಲೇಜಿನ ಮಟ್ಟಿಗೆ ಒಂದು ಸಾಲು ಸಾಕು: ಲ್ಯಾಬ್ ಅಸಿಸ್ಟೆಂಟ್‌ಗಳು, ವಿದ್ಯಾರ್ಥಿಗಳ ಖಾತೆ, ಪಾಸ್‌ವರ್ಡ್ ರೀಸೆಟ್ ಮತ್ತು ಲಾಕ್ ಆದ ಖಾತೆ ಬಿಡಿಸುವುದು.

ಈ ಮೂರರಲ್ಲಿ ಜನ 'ಏನು' ಅನ್ನುವುದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ನಿಜಕ್ಕೂ ಯೋಚನೆ ಮಾಡಬೇಕಾದ್ದು 'ಯಾರ ಖಾತೆಯ ಮೇಲೆ' ಅನ್ನುವುದನ್ನು. ಪಾಸ್‌ವರ್ಡ್ ರೀಸೆಟ್ ಮಾಡಲಿಕ್ಕೆ ಹಳೇ ಪಾಸ್‌ವರ್ಡ್ ಗೊತ್ತಿರಬೇಕಾಗಿಲ್ಲ. ಅಂದ ಮೇಲೆ ಯಾರ ಪಾಸ್‌ವರ್ಡನ್ನು ನಾನು ರೀಸೆಟ್ ಮಾಡಬಲ್ಲೆನೋ ಅವರ ಹೆಸರಲ್ಲಿ ನಾನು ಲಾಗಿನ್ ಆಗಬಲ್ಲೆ, ಅವರ ಮೇಲ್ ಓದಬಲ್ಲೆ, ಅವರಿಗೆ ಏನೇನು ತೆರೆಯುತ್ತದೋ ಅದನ್ನೆಲ್ಲ ತೆರೆಯಬಲ್ಲೆ. ಲ್ಯಾಬ್ ಅಸಿಸ್ಟೆಂಟ್‌ಗೆ ಅಕೌಂಟ್ಸ್ ಸೆಕ್ಷನ್‌ನವರ ಖಾತೆಯ ಮೇಲೆ ರೀಸೆಟ್ ಅಧಿಕಾರ ಕೊಟ್ಟರೆ ಫೀಸು ಸಾಫ್ಟ್‌ವೇರ್ ಕೊಟ್ಟ ಹಾಗೇ ಆಯಿತು, ಅಲ್ವಾ? ಆದ್ದರಿಂದ ಖಾತೆಗಳನ್ನು ಸರಿಯಾಗಿ ವಿಂಗಡಿಸುವುದೇ ಅರ್ಧಕ್ಕಿಂತ ಜಾಸ್ತಿ ಕೆಲಸ. ಅಧಿಕಾರ ಕೊಡುವ ವಿಝಾರ್ಡ್ (ಒಂದೊಂದೇ ಪ್ರಶ್ನೆ ಕೇಳಿ ಕೆಲಸ ಮಾಡಿಸುವ ಕಿಟಕಿ) ಓಡಿಸುವುದಕ್ಕೆ ಐದು ನಿಮಿಷವೂ ಬೇಡ.

ಓಯು ವಿಂಗಡಣೆ

ಆಕ್ಟಿವ್ ಡೈರೆಕ್ಟರಿಯಲ್ಲಿ ಅಧಿಕಾರದ ಬೇಲಿ ಹಾಕುವುದು ಆರ್ಗನೈಸೇಶನಲ್ ಯೂನಿಟ್ ಮೇಲೆ. ಎಲ್ಲರೂ ಇದನ್ನು ಓಯು ಅಂತಲೇ ಕರೆಯುವುದು. ಡೊಮೇನ್ ಮಾಡಿದಾಗ ತಾನಾಗಿ ಬರುವ 'ಯೂಸರ್ಸ್' ಇದೆಯಲ್ಲ, ಅದು ಓಯು ಅಲ್ಲ, ಬರೀ ಕಂಟೇನರ್. ಅದಕ್ಕೆ ಗ್ರೂಪ್ ಪಾಲಿಸಿ (ಖಾತೆ, ಕಂಪ್ಯೂಟರ್‌ಗಳಿಗೆ ಒಟ್ಟಿಗೆ ಸೆಟ್ಟಿಂಗ್ ಹಾಕುವ ವ್ಯವಸ್ಥೆ) ಲಿಂಕ್ ಮಾಡಲಿಕ್ಕೂ ಬರುವುದಿಲ್ಲ. ಎಷ್ಟೋ ಕಡೆ ಎಲ್ಲ ಖಾತೆಗಳೂ ಅದರೊಳಗೇ ಬಿದ್ದಿರುತ್ತವೆ. ಅಲ್ಲಿ ಡೆಲಿಗೇಟ್ ಮಾಡಲು ಹೊರಟರೆ ವಿದ್ಯಾರ್ಥಿ, ಪ್ರಿನ್ಸಿಪಾಲ್, ಬ್ಯಾಕಪ್ ಓಡಿಸುವ ಸರ್ವಿಸ್ ಅಕೌಂಟ್ ಎಲ್ಲಾ ಒಂದೇ ಬೇಲಿಯೊಳಗೆ ಬರುತ್ತವೆ.

ಡೊಮೇನ್ ಕಂಟ್ರೋಲರ್‌ನಲ್ಲಿ 'ಆಕ್ಟಿವ್ ಡೈರೆಕ್ಟರಿ ಯೂಸರ್ಸ್ ಅಂಡ್ ಕಂಪ್ಯೂಟರ್ಸ್' ತೆರೆಯಿರಿ. ಡೊಮೇನ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ನ್ಯೂ', ಆಮೇಲೆ 'ಆರ್ಗನೈಸೇಶನಲ್ ಯೂನಿಟ್'. ಕಾಲೇಜಿನ ಹೆಸರಿನ ಒಂದು ಓಯು ಮಾಡಿ, ಅದರೊಳಗೆ ವಿದ್ಯಾರ್ಥಿಗಳು, ಬೋಧಕರು, ಆಫೀಸು, ಲ್ಯಾಬ್ ಕಂಪ್ಯೂಟರ್‌ಗಳು, ಗುಂಪುಗಳು ಅಂತ ಬೇರೆ ಬೇರೆ ಓಯು ಮಾಡಿ. ಸರ್ವಿಸ್ ಅಕೌಂಟ್‌ಗಳಿಗೂ ಅಡ್ಮಿನ್ ಖಾತೆಗಳಿಗೂ ಇದರಿಂದ ಹೊರಗೆ, ಪಕ್ಕದಲ್ಲಿ ಇನ್ನೊಂದು ಓಯು ಇರಲಿ. 'ಪ್ರೊಟೆಕ್ಟ್ ಕಂಟೇನರ್ ಫ್ರಮ್ ಆಕ್ಸಿಡೆಂಟಲ್ ಡಿಲಿಷನ್' ಅನ್ನುವ ಟಿಕ್ ತಾನಾಗಿ ಇರುತ್ತದೆ, ತೆಗೆಯಬೇಡಿ.

ಖಾತೆಗಳನ್ನು ಸರಿಸುವಾಗ ಸ್ವಲ್ಪ ಹುಷಾರು. ಓಯು ಬದಲಾದರೆ ಅವಕ್ಕೆ ಅನ್ವಯಿಸುವ ಗ್ರೂಪ್ ಪಾಲಿಸಿಯೂ ಬದಲಾಗಬಹುದು. ಕೆಲವು ಹಳೇ ಸಾಫ್ಟ್‌ವೇರ್‌ಗಳು ಬಳಕೆದಾರರನ್ನು ಹುಡುಕುವ ಓಯು ದಾರಿಯನ್ನು ತಮ್ಮ ಸೆಟ್ಟಿಂಗ್‌ನಲ್ಲಿ ನೇರವಾಗಿ ಬರೆದುಕೊಂಡಿರುತ್ತವೆ. ಲೈಬ್ರರಿ ಸಾಫ್ಟ್‌ವೇರ್, ವೈಫೈ ಲಾಗಿನ್ ಇಂಥವುಗಳನ್ನು ಒಮ್ಮೆ ನೋಡಿಕೊಂಡು, ಮೊದಲು ನಾಲ್ಕೈದು ಖಾತೆ ಸರಿಸಿ, ಒಂದು ದಿನ ಬಿಟ್ಟು ಉಳಿದದ್ದು ಸರಿಸಿ.

ವಿದ್ಯಾರ್ಥಿಗಳ ಓಯು ಒಳಗೆ ನಿಜಕ್ಕೂ ವಿದ್ಯಾರ್ಥಿಗಳು ಮಾತ್ರ ಇದ್ದಾರಾ ಅಂತಲೂ ನೋಡಿ. ಪ್ರಾಜೆಕ್ಟ್‌ಗೆ ಅಂತ ಯಾವುದೋ ಹಳೇ ವಿದ್ಯಾರ್ಥಿಯ ಖಾತೆಯನ್ನು 'ಡಿಎನ್‌ಎಸ್ ಅಡ್ಮಿನ್ಸ್' ಗುಂಪಿಗೆ ಸೇರಿಸಿ ಮರೆತಿರಬಹುದು. ಆ ಗುಂಪಿಗೆ ಆಕ್ಟಿವ್ ಡೈರೆಕ್ಟರಿ ತಾನಾಗಿ ವಿಶೇಷ ರಕ್ಷಣೆ ಕೊಡುವುದಿಲ್ಲ, ಆದರೆ ಅದರ ಸದಸ್ಯರು ಡೊಮೇನ್ ಕಂಟ್ರೋಲರ್‌ನಲ್ಲಿ ಓಡುವ ಡಿಎನ್‌ಎಸ್ (ಹೆಸರಿನಿಂದ ಕಂಪ್ಯೂಟರ್ ವಿಳಾಸ ಹುಡುಕಿಕೊಡುವ) ಸರ್ವಿಸನ್ನು ನಿಭಾಯಿಸಬಲ್ಲರು. ಅಂಥ ಖಾತೆಯ ಪಾಸ್‌ವರ್ಡ್ ರೀಸೆಟ್ ಮಾಡುವ ಅವಕಾಶ ಲ್ಯಾಬ್‌ನಲ್ಲಿ ಸಿಕ್ಕರೆ ಇಷ್ಟು ಹೊತ್ತು ಹಾಕಿದ ಬೇಲಿ ಸುಮ್ನೆ ವ್ಯರ್ಥ.

ವ್ಯಕ್ತಿಗೆ ಕೊಡಬೇಡಿ, ಗುಂಪಿಗೆ ಕೊಡಿ

ಗುಂಪುಗಳ ಓಯು ಒಳಗೆ ಒಂದು ಸೆಕ್ಯುರಿಟಿ ಗುಂಪು ಮಾಡಿ. ಹೆಸರು ನೋಡಿದರೇ ಕೆಲಸ ಗೊತ್ತಾಗುವ ಹಾಗೆ ಇರಲಿ, 'ಡೆಲಿಗೇಟ್-ವಿದ್ಯಾರ್ಥಿ-ಪಾಸ್‌ವರ್ಡ್' ಅಂತೇನೋ. ಒಂದೇ ಡೊಮೇನ್ ಆದರೆ ಸ್ಕೋಪ್ 'ಗ್ಲೋಬಲ್' ಇದ್ದರೂ ನಡೆಯುತ್ತದೆ. ಬೇಕಾದ ಮೂರು ಜನರನ್ನು ಇದರೊಳಗೆ ಹಾಕಿ. ಅವರ ಹೆಸರಿಗೇ ನೇರವಾಗಿ ಅಧಿಕಾರ ಕೊಟ್ಟರೆ ಅವರು ಕೆಲಸ ಬಿಟ್ಟು ಹೋದಾಗ ಯಾವ ಓಯುದಲ್ಲಿ ಏನು ಕೊಟ್ಟಿದ್ದೆ ಅಂತ ಹುಡುಕುತ್ತ ಕೂರಬೇಕು.

ಲ್ಯಾಬ್ ಅಸಿಸ್ಟೆಂಟ್‌ಗೆ ಈ ಕೆಲಸಕ್ಕೇ ಬೇರೆ ಖಾತೆ ಮಾಡಿಕೊಡಬೇಕಾ? ಮಾಡಿಕೊಟ್ಟರೆ ಒಳ್ಳೆಯದು. ದಿನವಿಡೀ ಮೇಲ್ ನೋಡುವ, ಪೆನ್‌ಡ್ರೈವ್ ಹಾಕುವ ಖಾತೆಗೆ ಸಾವಿರಾರು ಪಾಸ್‌ವರ್ಡ್ ಬದಲಿಸುವ ಶಕ್ತಿ ಇರುವುದು ನನಗೆ ಇಷ್ಟವಿಲ್ಲ. ಇನ್ನೊಂದು ವಿಷಯ. ಈ ಗುಂಪೂ ಈ ಮೂವರ ಖಾತೆಗಳೂ ವಿದ್ಯಾರ್ಥಿಗಳ ಓಯು ಒಳಗೆ ಇರಲೇಬಾರದು, ಇದ್ದರೆ ಅವರು ಒಬ್ಬರ ಪಾಸ್‌ವರ್ಡ್ ಒಬ್ಬರು ಬದಲಿಸಿಕೊಳ್ಳಬಹುದು.

ಈಗ ವಿಝಾರ್ಡ್

1. ವಿದ್ಯಾರ್ಥಿಗಳ ಓಯು ಮೇಲೆ ರೈಟ್ ಕ್ಲಿಕ್ ಮಾಡಿ 'ಡೆಲಿಗೇಟ್ ಕಂಟ್ರೋಲ್' ಒತ್ತಿ. ಅವಸರದಲ್ಲಿ ಡೊಮೇನ್ ಹೆಸರಿನ ಮೇಲೋ ಮೇಲಿನ ಓಯು ಮೇಲೋ ಒತ್ತಿದರೆ ಅಧಿಕಾರ ಕೆಳಗಿನ ಎಲ್ಲಾ ಓಯುಗಳಿಗೂ ಇಳಿಯುತ್ತದೆ. ಇನ್ನೊಮ್ಮೆ ಕಣ್ಣು ಹಾಯಿಸಿ.

2. ಸ್ವಾಗತದ ಪರದೆಯಲ್ಲಿ 'ನೆಕ್ಸ್ಟ್'. ಆಮೇಲೆ 'ಆಡ್' ಒತ್ತಿ ಈಗ ಮಾಡಿದ ಗುಂಪಿನ ಹೆಸರು ಹಾಕಿ, 'ಚೆಕ್ ನೇಮ್ಸ್' ಒತ್ತಿ. ಹೆಸರಿನ ಕೆಳಗೆ ಗೆರೆ ಬಂದರೆ ಸಿಕ್ಕಿದೆ ಅಂತ.

3. ಸಾಮಾನ್ಯ ಕೆಲಸಗಳ ಪಟ್ಟಿ ಬರುತ್ತದೆ. ಮೊದಲನೆಯದೇ 'ಕ್ರಿಯೇಟ್, ಡಿಲೀಟ್, ಅಂಡ್ ಮ್ಯಾನೇಜ್ ಯೂಸರ್ ಅಕೌಂಟ್ಸ್'. ಅದನ್ನು ಮುಟ್ಟಬೇಡಿ, ಅದು ಖಾತೆಯ ಮೇಲೆ ಪೂರ್ತಿ ಹಿಡಿತ ಕೊಡುತ್ತದೆ. ಎರಡನೆಯದಕ್ಕೆ ಟಿಕ್ ಹಾಕಿ: 'ರೀಸೆಟ್ ಯೂಸರ್ ಪಾಸ್‌ವರ್ಡ್ಸ್ ಅಂಡ್ ಫೋರ್ಸ್ ಪಾಸ್‌ವರ್ಡ್ ಚೇಂಜ್ ಅಟ್ ನೆಕ್ಸ್ಟ್ ಲಾಗಾನ್'.

4. 'ನೆಕ್ಸ್ಟ್' ಒತ್ತಿದರೆ ಏನೇನು ಕೊಟ್ಟಿರಿ ಅಂತ ಸಾರಾಂಶ ತೋರಿಸುತ್ತದೆ. ಅದನ್ನು ಕಾಪಿ ಮಾಡಿ ನಿಮ್ಮ ದಾಖಲೆಯ ಫೈಲಿಗೆ ತಾರೀಕು ಸಮೇತ ಹಾಕಿಕೊಳ್ಳಿ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಆಮೇಲೆ 'ಫಿನಿಶ್'.

ಈ ಒಂದು ಟಿಕ್‌ನ ಹಿಂದೆ ಎರಡು ಕೆಲಸ ನಡೆಯುತ್ತವೆ. ಒಂದು, ಪಾಸ್‌ವರ್ಡ್ ರೀಸೆಟ್ ಮಾಡುವ ಹಕ್ಕು. ಇನ್ನೊಂದು, ಪಾಸ್‌ವರ್ಡ್ ಕೊನೆಗೆ ಯಾವಾಗ ಬದಲಾಯಿತು ಅನ್ನುವುದನ್ನು ಇಟ್ಟುಕೊಂಡಿರುವ 'ಪಿಡಬ್ಲ್ಯೂಡಿ ಲಾಸ್ಟ್ ಸೆಟ್' ಅನ್ನುವ ಗುಣವನ್ನು ತಿದ್ದುವ ಹಕ್ಕು. ಎರಡನೆಯದು ಇಲ್ಲದಿದ್ದರೆ ಮುಂದಿನ ಲಾಗಿನ್‌ನಲ್ಲಿ ಪಾಸ್‌ವರ್ಡ್ ಬದಲಿಸಲೇಬೇಕು ಅಂತ ಹಾಕಲಿಕ್ಕೆ ಆಗುವುದಿಲ್ಲ. ಆಗ ಲ್ಯಾಬ್ ಅಸಿಸ್ಟೆಂಟ್ ಹೇಳಿದ ಪಾಸ್‌ವರ್ಡೇ ವರ್ಷವಿಡೀ ಉಳಿಯುತ್ತದೆ.

ಲಾಕ್ ಬಿಡಿಸುವ ಹಕ್ಕು ಬೇರೆಯೇ ಕೊಡಬೇಕು

ಇಲ್ಲಿ ತುಂಬ ಜನ ಎಡವುತ್ತಾರೆ. ಹತ್ತಾರು ಸಲ ತಪ್ಪು ಪಾಸ್‌ವರ್ಡ್ ಹೊಡೆದು ಖಾತೆ ಲಾಕ್ ಆಗಿದ್ದರೆ ಅದನ್ನು ಬಿಡಿಸುವ ಅಧಿಕಾರ ಮೇಲಿನ ಟಿಕ್‌ನಲ್ಲಿ ಸೇರಿಲ್ಲ. ಪಟ್ಟಿಯಲ್ಲಿ ಅದಕ್ಕೆ ಬೇರೆ ಟಿಕ್ಕೂ ಇಲ್ಲ. ರೀಸೆಟ್ ಮಾಡುವ ಪುಟ್ಟ ಕಿಟಕಿಯಲ್ಲಿ 'ಅನ್‌ಲಾಕ್ ದಿ ಯೂಸರ್ಸ್ ಅಕೌಂಟ್' ಅಂತ ಚೌಕ ಕಾಣುತ್ತದೆ, ಆದರೆ ಹಕ್ಕು ಇಲ್ಲದವರು ಅದಕ್ಕೆ ಟಿಕ್ ಹಾಕಿ ಓಕೆ ಒತ್ತಿದರೆ ಕೆಲಸ ಆಗುವುದಿಲ್ಲ.

ಮತ್ತೆ ಅದೇ ಓಯು ಮೇಲೆ ವಿಝಾರ್ಡ್ ಓಡಿಸಿ, ಅದೇ ಗುಂಪು ಆರಿಸಿ. ಈ ಸಲ ಕೆಳಗಿರುವ 'ಕ್ರಿಯೇಟ್ ಎ ಕಸ್ಟಮ್ ಟಾಸ್ಕ್ ಟು ಡೆಲಿಗೇಟ್' ಆರಿಸಿ. ಮುಂದಿನ ಪರದೆಯಲ್ಲಿ 'ಓನ್ಲಿ ದಿ ಫಾಲೋಯಿಂಗ್ ಆಬ್ಜೆಕ್ಟ್ಸ್ ಇನ್ ದಿ ಫೋಲ್ಡರ್' ಒತ್ತಿ, ಪಟ್ಟಿಯ ಕೊನೆಯ ಕಡೆ ಹೋಗಿ 'ಯೂಸರ್ ಆಬ್ಜೆಕ್ಟ್ಸ್' ಒಂದಕ್ಕೆ ಮಾತ್ರ ಟಿಕ್ ಹಾಕಿ. ಕೆಳಗಿನ ಎರಡು ಚೌಕಗಳು, ಹೊಸದು ಮಾಡುವುದು ಮತ್ತು ಅಳಿಸುವುದು, ಖಾಲಿ ಇರಲಿ. ಆಮೇಲಿನ ಪರದೆಯಲ್ಲಿ 'ಜನರಲ್' ಟಿಕ್ ತೆಗೆದು 'ಪ್ರಾಪರ್ಟಿ-ಸ್ಪೆಸಿಫಿಕ್' ಟಿಕ್ ಹಾಕಿ. ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ 'ರೀಡ್ ಲಾಕ್‌ಔಟ್‌ಟೈಮ್', 'ರೈಟ್ ಲಾಕ್‌ಔಟ್‌ಟೈಮ್' ಎರಡನ್ನೂ ಹುಡುಕಿ ಟಿಕ್ ಹಾಕಿ. 'ನೆಕ್ಸ್ಟ್', 'ಫಿನಿಶ್'. ಲಾಕ್ ಬಿಡಿಸುವುದು ಅಂದರೆ ಒಳಗೆ ನಡೆಯುವುದು ಈ ಲಾಕ್‌ಔಟ್‌ಟೈಮನ್ನು ಸೊನ್ನೆ ಮಾಡುವುದಷ್ಟೇ.

ಕೊಟ್ಟದ್ದು ಎಲ್ಲಿ ಕಾಣುತ್ತದೆ?

ಈ ವಿಝಾರ್ಡ್‌ನ ದೊಡ್ಡ ಕೊರತೆ ಅಂದರೆ ಅದಕ್ಕೆ ಕೊಡುವುದು ಮಾತ್ರ ಗೊತ್ತು. ಈಗಾಗಲೇ ಕೊಟ್ಟದ್ದನ್ನು ತೋರಿಸುವುದಿಲ್ಲ, ವಾಪಸ್ ತಗೊಳ್ಳುವುದೂ ಇಲ್ಲ. ಟಿಕ್ ತೆಗೆದು ಮತ್ತೆ ಓಡಿಸಿದರೆ ಹೋಗುತ್ತದೆ ಅಂದುಕೊಂಡರೆ ಅದು ಆಗದ ಮಾತು.

ನೋಡಬೇಕೆಂದರೆ 'ವ್ಯೂ' ಮೆನುವಿನಲ್ಲಿ 'ಅಡ್ವಾನ್ಸ್ಡ್ ಫೀಚರ್ಸ್' ಆನ್ ಮಾಡಿ. ಅದು ಆನ್ ಇಲ್ಲದಿದ್ದರೆ 'ಸೆಕ್ಯುರಿಟಿ' ಟ್ಯಾಬ್ ಕಾಣುವುದೇ ಇಲ್ಲ. ಓಯು ಪ್ರಾಪರ್ಟೀಸ್, 'ಸೆಕ್ಯುರಿಟಿ', ಅಲ್ಲಿಂದ 'ಅಡ್ವಾನ್ಸ್ಡ್'. ನಿಮ್ಮ ಗುಂಪಿನ ಹೆಸರಿನ ಸಾಲುಗಳು ಬೇರೆ ಬೇರೆಯಾಗಿ ಕಾಣುತ್ತವೆ, 'ಅಪ್ಲೈಸ್ ಟು' ಅನ್ನುವ ಕಾಲಮ್‌ನಲ್ಲಿ 'ಡಿಸೆಂಡೆಂಟ್ ಯೂಸರ್ ಆಬ್ಜೆಕ್ಟ್ಸ್' ಅಂತ ಇರಬೇಕು. 'ಫುಲ್ ಕಂಟ್ರೋಲ್' ಅಂತ ಯಾವ ಸಾಲಿನಲ್ಲಾದರೂ ನಿಮ್ಮ ಗುಂಪಿನ ಎದುರು ಕಂಡರೆ ಎಲ್ಲೋ ತಪ್ಪು ಟಿಕ್ ಬಿದ್ದಿದೆ.

ಅಲ್ಲೇ ಹಕ್ಕನ್ನು ತಡೆಯುವ 'ಡಿನೈ' ಕೂಡ ಇದೆ. ಅದರ ತಂಟೆಗೆ ಹೋಗದಿರುವುದೇ ಲೇಸು. ಮೇಲಿನ ಓಯುದಿಂದ ಇಳಿದು ಬಂದ ಡಿನೈಯನ್ನು ಕೆಳಗೆ ನೇರವಾಗಿ ಕೊಟ್ಟ ಅಲೋ ಸೋಲಿಸುತ್ತದೆ. ಡಿನೈ ಹಾಕಿದ್ದೇನೆ ಅನ್ನುವ ಧೈರ್ಯದ ಮೇಲೆ ಕೂತವರಿಗೆ ಇದು ಗೊತ್ತೇ ಇರುವುದಿಲ್ಲ.

ಅವರ ಕಂಪ್ಯೂಟರ್‌ನಲ್ಲಿ ಟೂಲ್ ಹಾಕಿ

ಸಾಮಾನ್ಯ ಖಾತೆಯವರು ಡೊಮೇನ್ ಕಂಟ್ರೋಲರ್‌ಗೆ ಲಾಗಿನ್ ಆಗುವಂತಿಲ್ಲ, ಆಗಲೂಬಾರದು. ಅವರ ಕಂಪ್ಯೂಟರ್‌ನಲ್ಲೇ ಆರ್‌ಎಸ್‌ಎಟಿ (ಸರ್ವರನ್ನು ದೂರದಿಂದ ನಿಭಾಯಿಸುವ ಮೈಕ್ರೋಸಾಫ್ಟ್ ಟೂಲ್‌ಗಳು) ಹಾಕಿಕೊಡಿ. ವಿಂಡೋಸ್ 10ರ 1809 ಆವೃತ್ತಿಯಿಂದ ಮುಂದೆ ಇದನ್ನು ಬೇರೆ ಡೌನ್‌ಲೋಡ್ ಮಾಡಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ 'ಆಪ್ಷನಲ್ ಫೀಚರ್ಸ್' ಅಂತ ಹುಡುಕಿ, 'ಆರ್‌ಎಸ್‌ಎಟಿ: ಆಕ್ಟಿವ್ ಡೈರೆಕ್ಟರಿ ಡೊಮೇನ್ ಸರ್ವಿಸಸ್' ಅಂತ ಶುರುವಾಗುವುದನ್ನು ಸೇರಿಸಿ. ಹೋಮ್ ಆವೃತ್ತಿಯಲ್ಲಿ ಬರುವುದಿಲ್ಲ, ಪ್ರೊ ಅಥವಾ ಎಂಟರ್‌ಪ್ರೈಸ್ ಬೇಕು. ನಿಮ್ಮಲ್ಲಿ ಡಬ್ಲ್ಯೂಎಸ್‌ಯುಎಸ್ (ವಿಂಡೋಸ್ ಅಪ್‌ಡೇಟ್‌ಗಳನ್ನು ಒಳಗಿಂದಲೇ ಹಂಚುವ) ಸರ್ವರ್ ಇದ್ದರೆ ಇನ್‌ಸ್ಟಾಲ್ ಆಗದೆ ಎರರ್ ಬರಬಹುದು. ಐಚ್ಛಿಕ ಫೀಚರ್‌ಗಳನ್ನು ನೇರವಾಗಿ ವಿಂಡೋಸ್ ಅಪ್‌ಡೇಟ್‌ನಿಂದ ತಗೊಳ್ಳುವ ಹಾಗೆ ಗ್ರೂಪ್ ಪಾಲಿಸಿಯಲ್ಲಿ ಬಿಟ್ಟರೆ ಸರಿಹೋಗುತ್ತದೆ.

ಟೂಲ್ ತೆರೆದಾಗ ಅವರಿಗೆ ಇಡೀ ಡೊಮೇನ್ ಕಾಣುತ್ತದೆ. ಗಾಬರಿ ಬೇಡ. ಲಾಗಿನ್ ಆದ ಯಾರು ಬೇಕಾದರೂ ಆಕ್ಟಿವ್ ಡೈರೆಕ್ಟರಿಯ ಬಹುಪಾಲನ್ನು ಓದಬಹುದು, ಅದು ಮೊದಲಿಂದಲೂ ಇರುವುದೇ. ಆದರೂ ಇಷ್ಟೊಂದು ಫೋಲ್ಡರ್ ನೋಡಿ ಹೊಸಬರು ತಬ್ಬಿಬ್ಬಾಗುತ್ತಾರೆ. ಅವರಿಗಾಗಿ ಒಂದು ಪುಟ್ಟ ಕನ್ಸೋಲ್ ಮಾಡಿಕೊಡಬಹುದು, ಇದು ನನಗೆ ತುಂಬ ಇಷ್ಟವಾದ ಹಳೇ ಸೌಲಭ್ಯ.

ಎಂಎಂಸಿ (ವಿಂಡೋಸ್‌ನ ಮ್ಯಾನೇಜ್‌ಮೆಂಟ್ ಕನ್ಸೋಲ್) ತೆರೆದು, 'ಫೈಲ್' ಮೆನುವಿನ 'ಆಡ್/ರಿಮೂವ್ ಸ್ನ್ಯಾಪ್-ಇನ್'ನಿಂದ ಆಕ್ಟಿವ್ ಡೈರೆಕ್ಟರಿ ಯೂಸರ್ಸ್ ಅಂಡ್ ಕಂಪ್ಯೂಟರ್ಸ್ ಸೇರಿಸಿ. ವಿದ್ಯಾರ್ಥಿಗಳ ಓಯು ಮೇಲೆ ರೈಟ್ ಕ್ಲಿಕ್ ಮಾಡಿ 'ನ್ಯೂ ವಿಂಡೋ ಫ್ರಮ್ ಹಿಯರ್' ಒತ್ತಿ, ಹಳೇ ಕಿಟಕಿ ಮುಚ್ಚಿ. 'ಆಕ್ಷನ್' ಮೆನುವಿನಲ್ಲಿ 'ನ್ಯೂ ಟಾಸ್ಕ್‌ಪ್ಯಾಡ್ ವ್ಯೂ' ಇದೆ. ಅದರ ಪ್ರಶ್ನೆಗಳಿಗೆಲ್ಲ 'ನೆಕ್ಸ್ಟ್' ಕೊಡುತ್ತ ಹೋಗಿ, ಕೊನೆಗೆ ಹೊಸ ಟಾಸ್ಕ್ ಸೇರಿಸುವಾಗ 'ಮೆನು ಕಮಾಂಡ್' ಆರಿಸಿ 'ರೀಸೆಟ್ ಪಾಸ್‌ವರ್ಡ್' ಹಿಡಿಯಿರಿ. ಓಯು ಒಳಗೆ ಒಂದಾದರೂ ಖಾತೆ ಇಲ್ಲದಿದ್ದರೆ ಈ ಕಮಾಂಡ್ ಪಟ್ಟಿಯಲ್ಲಿ ಬರುವುದಿಲ್ಲ. ಆಮೇಲೆ 'ಫೈಲ್', 'ಆಪ್ಷನ್ಸ್' ಒಳಗೆ ಕನ್ಸೋಲ್ ಮೋಡ್ ಅನ್ನು 'ಯೂಸರ್ ಮೋಡ್ - ಲಿಮಿಟೆಡ್ ಆಕ್ಸೆಸ್, ಸಿಂಗಲ್ ವಿಂಡೋ' ಮಾಡಿ ಸೇವ್ ಮಾಡಿ. ಆ ಫೈಲನ್ನು ಅವರ ಡೆಸ್ಕ್‌ಟಾಪ್‌ನಲ್ಲಿ ಇಟ್ಟರೆ ವಿದ್ಯಾರ್ಥಿಗಳ ಪಟ್ಟಿ, ಪಕ್ಕದಲ್ಲಿ ಒಂದು ಬಟನ್, ಇಷ್ಟೇ ಕಾಣುತ್ತದೆ. ನೆನಪಿರಲಿ, ಇದು ಅನುಕೂಲಕ್ಕೆ ಮಾತ್ರ. ತಡೆಯುವ ಕೆಲಸ ಮಾಡುವುದು ಓಯು ಮೇಲಿನ ಪರ್ಮಿಷನ್ನೇ.

ಪರೀಕ್ಷೆ: ಆಗುವುದನ್ನೂ ನೋಡಿ, ಆಗಬಾರದ್ದನ್ನೂ ನೋಡಿ

ಗುಂಪಿಗೆ ಹೊಸದಾಗಿ ಸೇರಿಸಿದವರು ಒಮ್ಮೆ ಲಾಗ್‌ಆಫ್ ಆಗಿ ಮತ್ತೆ ಬರಬೇಕು. ಇಲ್ಲದಿದ್ದರೆ ಹೊಸ ಸದಸ್ಯತ್ವ ಅವರ ಸೆಷನ್‌ಗೆ ಬಂದಿರುವುದಿಲ್ಲ. "ಸೇರಿಸಿದೀರಿ ಅಂತೀರಿ, ಆಕ್ಸೆಸ್ ಡಿನೈಡ್ ಬರ್ತಿದೆ" ಅನ್ನುವ ದೂರುಗಳಲ್ಲಿ ಎಷ್ಟೋ ಇಲ್ಲಿಗೇ ಮುಗಿಯುತ್ತವೆ.

ಮೊದಲು ಒಂದು ಪರೀಕ್ಷಾ ವಿದ್ಯಾರ್ಥಿ ಖಾತೆಯ ಪಾಸ್‌ವರ್ಡ್ ರೀಸೆಟ್ ಮಾಡಿಸಿ. ಬೇಕೆಂದೇ ತಪ್ಪು ಪಾಸ್‌ವರ್ಡ್ ಹೊಡೆದು ಲಾಕ್ ಮಾಡಿ, ಬಿಡಿಸಿ. ಆಮೇಲೆ ಬೋಧಕರ ಓಯು ಒಳಗಿನ ಪರೀಕ್ಷಾ ಖಾತೆಯೊಂದನ್ನು ರೀಸೆಟ್ ಮಾಡಲು ಹೇಳಿ. 'ಆಕ್ಸೆಸ್ ಈಸ್ ಡಿನೈಡ್' ಬರಬೇಕು. ವಿದ್ಯಾರ್ಥಿಯ ಖಾತೆಯನ್ನು ಅಳಿಸಲು, ಯಾವುದಾದರೂ ಗುಂಪಿಗೆ ಸೇರಿಸಲು ಹೇಳಿ. ಅವೂ ಆಗಬಾರದು. ಈ ಎರಡನೇ ಭಾಗವನ್ನು ಬಿಡುವವರೇ ಜಾಸ್ತಿ. ಕೆಲಸ ಆಯಿತು ಅಂತ ಖುಷಿಯಾಗಿ ಎದ್ದು ಹೋಗುತ್ತಾರೆ, ಡೊಮೇನ್ ಮಟ್ಟದಲ್ಲಿ ಕೊಟ್ಟಿದ್ದರೂ ಮೊದಲ ಪರೀಕ್ಷೆ ಪಾಸ್ ಆಗಿಯೇ ಆಗುತ್ತದೆ.

ಲಾಗಿನ್ ಬದಲಿಸುವ ತಾಪತ್ರಯ ಬೇಡ ಅಂದರೆ ಶಿಫ್ಟ್ ಒತ್ತಿಕೊಂಡು ಟೂಲ್‌ನ ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ, 'ರನ್ ಆಸ್ ಡಿಫರೆಂಟ್ ಯೂಸರ್' ಆರಿಸಿ. ಅಡ್ವಾನ್ಸ್ಡ್ ಸೆಕ್ಯುರಿಟಿಯಲ್ಲಿ 'ಎಫೆಕ್ಟಿವ್ ಆಕ್ಸೆಸ್' ಟ್ಯಾಬ್ ಕೂಡ ಇದೆ, ಒಬ್ಬರ ಹೆಸರು ಕೊಟ್ಟರೆ ಅವರಿಗೆ ಏನೇನು ಸಿಗುತ್ತದೆ ಅಂತ ತೋರಿಸುತ್ತದೆ.

ಒಂದೇ ಒಂದು ಖಾತೆಗೆ ಮಾತ್ರ ಆಗುತ್ತಿಲ್ಲ

ಎಲ್ಲರ ಪಾಸ್‌ವರ್ಡ್ ಆಗುತ್ತದೆ, ಅದೇ ಓಯು ಒಳಗಿನ ಒಬ್ಬರದ್ದು ಮಾತ್ರ ಆಗುವುದಿಲ್ಲ. ಇದು ಬಂದೇ ಬರುತ್ತದೆ, ಕಾರಣ ಗೊತ್ತಿಲ್ಲದಿದ್ದರೆ ದಿನಗಟ್ಟಲೆ ತಲೆ ತಿನ್ನುತ್ತದೆ.

ಡೊಮೇನ್ ಅಡ್ಮಿನ್ಸ್, ಎಂಟರ್‌ಪ್ರೈಸ್ ಅಡ್ಮಿನ್ಸ್, ಅಕೌಂಟ್ ಆಪರೇಟರ್ಸ್, ಬ್ಯಾಕಪ್ ಆಪರೇಟರ್ಸ್, ಪ್ರಿಂಟ್ ಆಪರೇಟರ್ಸ್ ಇಂಥ ಕೆಲವು ಗುಂಪುಗಳು 'ರಕ್ಷಿತ' ಗುಂಪುಗಳು. ಇವುಗಳ ಸದಸ್ಯರ ಖಾತೆಗೆ ಓಯುದಿಂದ ಇಳಿದು ಬರುವ ಪರ್ಮಿಷನ್ ತಾಗದಂತೆ ಆಕ್ಟಿವ್ ಡೈರೆಕ್ಟರಿಯೇ ನೋಡಿಕೊಳ್ಳುತ್ತದೆ. ಪಿಡಿಸಿ ಎಮ್ಯುಲೇಟರ್ ಪಾತ್ರ (ಡೊಮೇನ್‌ಗೆ ಒಂದೇ ಕಂಟ್ರೋಲರ್ ಹೊರುವ ವಿಶೇಷ ಹೊಣೆ) ಇರುವ ಡೊಮೇನ್ ಕಂಟ್ರೋಲರ್‌ನಲ್ಲಿ 60 ನಿಮಿಷಕ್ಕೊಮ್ಮೆ ಒಂದು ಪ್ರಕ್ರಿಯೆ ಓಡುತ್ತದೆ, 'ಅಡ್ಮಿನ್ ಎಸ್‌ಡಿ ಹೋಲ್ಡರ್' ಅನ್ನುವ ಅಚ್ಚಿನಲ್ಲಿರುವ ಪರ್ಮಿಷನ್‌ಗಳನ್ನು ತಂದು ಈ ಖಾತೆಗಳ ಮೇಲೆ ಒತ್ತಿ, ಇನ್‌ಹೆರಿಟೆನ್ಸ್, ಅಂದರೆ ಮೇಲಿನಿಂದ ಪರ್ಮಿಷನ್ ಇಳಿದು ಬರುವುದನ್ನು, ಬಂದ್ ಮಾಡಿ ಹೋಗುತ್ತದೆ. ಹೆಲ್ಪ್‌ಡೆಸ್ಕ್‌ನವರು ಡೊಮೇನ್ ಅಡ್ಮಿನ್ ಪಾಸ್‌ವರ್ಡ್ ಬದಲಿಸದಿರಲಿ ಅಂತ ಮಾಡಿದ ಒಳ್ಳೇ ವ್ಯವಸ್ಥೆ ಇದು. ನೀವು ಕೈಯಿಂದ ಸರಿಮಾಡಿದರೂ ಒಂದು ಗಂಟೆಯೊಳಗೆ ಮತ್ತೆ ಮೊದಲಿನ ಹಾಗೇ ಆಗುತ್ತದೆ.

ತೊಂದರೆ ಏನೆಂದರೆ, ಆ ಗುಂಪಿನಿಂದ ಹೆಸರು ತೆಗೆದ ಮೇಲೂ ಖಾತೆಯ ಮೇಲೆ ಬಿದ್ದ ಈ ರಕ್ಷಣೆಯ ಗುರುತು ಹೋಗುವುದಿಲ್ಲ. ಮೇಲೆ ಅಕೌಂಟ್ ಆಪರೇಟರ್ಸ್‌ನಲ್ಲಿ ಇದ್ದವರ ಹೆಸರು ಬರೆದಿಟ್ಟುಕೊಳ್ಳಿ ಅಂದಿದ್ದು ಇದಕ್ಕೇ. ಅಂಥ ಖಾತೆಯ ಪ್ರಾಪರ್ಟೀಸ್‌ನಲ್ಲಿ 'ಆಟ್ರಿಬ್ಯೂಟ್ ಎಡಿಟರ್' ಟ್ಯಾಬ್ ತೆರೆದು 'ಅಡ್ಮಿನ್ ಕೌಂಟ್' ನೋಡಿ, 1 ಇದ್ದರೆ 'ಕ್ಲಿಯರ್' ಮಾಡಿ. ಆಮೇಲೆ ಸೆಕ್ಯುರಿಟಿ, ಅಡ್ವಾನ್ಸ್ಡ್‌ಗೆ ಹೋಗಿ 'ಎನೇಬಲ್ ಇನ್‌ಹೆರಿಟೆನ್ಸ್' ಒತ್ತಿ. ಒಂದು ಸಣ್ಣ ಕಿರಿಕಿರಿ: ಖಾತೆಯನ್ನು 'ಫೈಂಡ್' ಮೂಲಕ ಹುಡುಕಿ ತೆರೆದರೆ ಆಟ್ರಿಬ್ಯೂಟ್ ಎಡಿಟರ್ ಟ್ಯಾಬ್ ಕಾಣುವುದಿಲ್ಲ. ಓಯು ಒಳಗೆ ಹೋಗಿ ನೇರವಾಗಿ ತೆರೆಯಬೇಕು.

"ಹಾಗೇ ಇನ್ನೊಂದು..." ಅಂತ ಕೇಳುವವು

ಒಂದು ಕೊಟ್ಟ ಮೇಲೆ ಇನ್ನೊಂದು ಕೇಳುವುದು ಸಹಜ. ಖಾತೆ ಡಿಸೇಬಲ್ ಮಾಡುವ ಹಕ್ಕು ಅದರಲ್ಲಿ ಮೊದಲನೆಯದು. ಕೇಳಲು ಸಣ್ಣದು, ಆದರೆ ಡಿಸೇಬಲ್ ಅನ್ನುವುದು 'ಯೂಸರ್ ಅಕೌಂಟ್ ಕಂಟ್ರೋಲ್' ಅನ್ನುವ ಒಂದೇ ಗುಣದೊಳಗೆ ಬೇರೆ ಹಲವು ಸ್ವಿಚ್‌ಗಳ ಜೊತೆ ಕೂತಿದೆ. ಅದನ್ನು ತಿದ್ದುವ ಹಕ್ಕು ಕೊಟ್ಟರೆ ಕರ್ಬರಾಸ್ (ಡೊಮೇನ್‌ನ ಲಾಗಿನ್ ಪದ್ಧತಿ) ಮೊದಲೇ ಮಾಡುವ ಪರಿಶೀಲನೆ, ಅಂದರೆ ಪ್ರಿ-ಆಥೆಂಟಿಕೇಶನ್, ಬೇಡ ಅನ್ನುವಂಥ ಅಪಾಯದ ಸ್ವಿಚ್ಚೂ ಕೈಗೆ ಸಿಗುತ್ತದೆ. ಒಂದನ್ನು ಮಾತ್ರ ಬಿಡಿಸಿ ಕೊಡಲಿಕ್ಕೆ ಬರುವುದಿಲ್ಲ. ವಿದ್ಯಾರ್ಥಿಗಳ ಓಯು ಮಟ್ಟಿಗೆ ಇದು ನಡೆಯಬಹುದು, ಬೋಧಕರ ಓಯುಗೆ ನಾನಂತೂ ಕೊಡುವುದಿಲ್ಲ.

ಹೊಸ ಖಾತೆ ಮಾಡುವ ಹಕ್ಕು ಕೊಡುವುದಾದರೆ ಒಂದು ಸಂಗತಿ ತಿಳಿದಿರಲಿ. ಖಾತೆ ಮಾಡಿದವರು ಅದರ 'ಓನರ್' ಆಗುತ್ತಾರೆ, ಓನರ್ ಆದವರು ಆ ಖಾತೆಯ ಪರ್ಮಿಷನ್ ಬದಲಿಸಬಹುದು. ಮುಂದೆ ಅವರನ್ನು ಗುಂಪಿನಿಂದ ತೆಗೆದರೂ ಈ ಹಿಡಿತ ಉಳಿಯುತ್ತದೆ. ಅಡ್ವಾನ್ಸ್ಡ್ ಸೆಕ್ಯುರಿಟಿಯ ಮೇಲ್ಗಡೆ ಓನರ್ ಹೆಸರು ಇರುತ್ತದೆ, ಅದನ್ನು 'ಡೊಮೇನ್ ಅಡ್ಮಿನ್ಸ್' ಅಂತ ಬದಲಿಸಿ.

ಎಚ್‌ಓಡಿ ಒಬ್ಬರು ತಮ್ಮ ವಿಭಾಗದ ಫೋಲ್ಡರ್‌ಗೆ ಯಾರು ಬರಬೇಕು ಅಂತ ತಾವೇ ನೋಡಿಕೊಳ್ಳುತ್ತೇನೆ ಅಂದರೆ ಖುಷಿಪಡಿ. ಆ ಗುಂಪಿನ ಪ್ರಾಪರ್ಟೀಸ್‌ನಲ್ಲಿ 'ಮ್ಯಾನೇಜ್ಡ್ ಬೈ' ಟ್ಯಾಬ್‌ಗೆ ಹೋಗಿ ಅವರ ಹೆಸರು ಹಾಕಿ, 'ಮ್ಯಾನೇಜರ್ ಕ್ಯಾನ್ ಅಪ್‌ಡೇಟ್ ಮೆಂಬರ್‌ಶಿಪ್ ಲಿಸ್ಟ್' ಟಿಕ್ ಮಾಡಿ. ಮುಗಿಯಿತು. ಟಿಕ್ ಇಲ್ಲದಿದ್ದರೆ ಹೆಸರು ಬರೀ ಅಲಂಕಾರಕ್ಕೆ.

ಲ್ಯಾಬ್ ಕಂಪ್ಯೂಟರ್‌ಗಳಲ್ಲಿ ಸಾಫ್ಟ್‌ವೇರ್ ಹಾಕಲು ಅಡ್ಮಿನ್ ಹಕ್ಕು ಬೇಕು ಅನ್ನುವುದು ನ್ಯಾಯವಾದ ಬೇಡಿಕೆ. ಅದಕ್ಕೆ ಇನ್ನೊಂದು ಗುಂಪು ಮಾಡಿ. ಲ್ಯಾಬ್ ಕಂಪ್ಯೂಟರ್‌ಗಳ ಓಯುಗೆ ಒಂದು ಗ್ರೂಪ್ ಪಾಲಿಸಿ ಲಿಂಕ್ ಮಾಡಿ, 'ಕಂಪ್ಯೂಟರ್ ಕಾನ್ಫಿಗರೇಶನ್', 'ಪ್ರಿಫರೆನ್ಸಸ್', 'ಕಂಟ್ರೋಲ್ ಪ್ಯಾನೆಲ್ ಸೆಟ್ಟಿಂಗ್ಸ್', 'ಲೋಕಲ್ ಯೂಸರ್ಸ್ ಅಂಡ್ ಗ್ರೂಪ್ಸ್' ಒಳಗೆ 'ಅಡ್ಮಿನಿಸ್ಟ್ರೇಟರ್ಸ್ (ಬಿಲ್ಟ್-ಇನ್)' ಆರಿಸಿ, ಆಕ್ಷನ್ 'ಅಪ್‌ಡೇಟ್' ಇಟ್ಟು ಈ ಗುಂಪನ್ನು ಸದಸ್ಯನಾಗಿ ಸೇರಿಸಿ. ಆ ಲ್ಯಾಬ್‌ನ ಕಂಪ್ಯೂಟರ್‌ಗಳಲ್ಲಿ ಮಾತ್ರ ಅವರು ಅಡ್ಮಿನ್. ಎಲ್ಲ ಕಂಪ್ಯೂಟರ್‌ಗೂ ಒಂದೇ ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಇಟ್ಟು ಗೋಡೆಗೆ ಚೀಟಿ ಅಂಟಿಸುವ ಪದ್ಧತಿ ಇದ್ದರೆ ಅದನ್ನೂ ನಿಲ್ಲಿಸಿ. 2023ರ ಏಪ್ರಿಲ್ ಅಪ್‌ಡೇಟ್‌ನಿಂದ ವಿಂಡೋಸ್‌ನಲ್ಲೇ ಲ್ಯಾಪ್ಸ್ ಇದೆ, ಪ್ರತಿ ಕಂಪ್ಯೂಟರ್‌ಗೂ ಬೇರೆ ಬೇರೆ ಪಾಸ್‌ವರ್ಡ್ ತಾನೇ ಇಟ್ಟು ತಾನೇ ಬದಲಿಸುತ್ತದೆ. ಅದನ್ನು ಓದುವ ಹಕ್ಕನ್ನೂ ಓಯು ಲೆಕ್ಕದಲ್ಲೇ ಕೊಡಬಹುದು.

ಡೊಮೇನ್‌ಗೆ ಕಂಪ್ಯೂಟರ್ ಸೇರಿಸುವುದಕ್ಕೂ ಒಂದು ಮಾತು. ಯಾವ ಸೆಟ್ಟಿಂಗೂ ಮುಟ್ಟದಿದ್ದರೆ ಡೊಮೇನ್‌ನ ಯಾವ ಬಳಕೆದಾರರಾದರೂ, ವಿದ್ಯಾರ್ಥಿಯೂ ಸೇರಿ, 10 ಕಂಪ್ಯೂಟರ್ ಸೇರಿಸಬಹುದು. ಡೊಮೇನ್‌ನ ಆಟ್ರಿಬ್ಯೂಟ್ ಎಡಿಟರ್‌ನಲ್ಲಿ 'ಮಷೀನ್ ಅಕೌಂಟ್ ಕೋಟಾ' ಅಂತ ಹುಡುಕಿ ಅದನ್ನು 0 ಮಾಡಿ, ಸೇರಿಸುವ ಹಕ್ಕನ್ನು ಬೇಕಾದ ಗುಂಪಿಗೆ ಮಾತ್ರ ಕೊಡಿ.

ಲಾಗ್ ಇವತ್ತೇ ಆನ್ ಮಾಡಿ

ಏನೋ ಆದ ಮೇಲೆ ಲಾಗ್ ಆನ್ ಮಾಡುವುದು ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ. ಡೊಮೇನ್ ಕಂಟ್ರೋಲರ್‌ಗಳಿಗೆ ಅನ್ವಯಿಸುವ ಗ್ರೂಪ್ ಪಾಲಿಸಿಯಲ್ಲಿ 'ಅಡ್ವಾನ್ಸ್ಡ್ ಆಡಿಟ್ ಪಾಲಿಸಿ' ಕೆಳಗೆ 'ಅಕೌಂಟ್ ಮ್ಯಾನೇಜ್‌ಮೆಂಟ್' ಒಳಗಿನ 'ಆಡಿಟ್ ಯೂಸರ್ ಅಕೌಂಟ್ ಮ್ಯಾನೇಜ್‌ಮೆಂಟ್' ಮತ್ತು 'ಆಡಿಟ್ ಸೆಕ್ಯುರಿಟಿ ಗ್ರೂಪ್ ಮ್ಯಾನೇಜ್‌ಮೆಂಟ್' ಎರಡನ್ನೂ ಸಕ್ಸೆಸ್, ಫೇಲ್ಯೂರ್ ಎರಡಕ್ಕೂ ಹಾಕಿ. ಈವೆಂಟ್ ವ್ಯೂವರ್‌ನ ಸೆಕ್ಯುರಿಟಿ ಲಾಗ್‌ನಲ್ಲಿ 4724 ಅಂದರೆ ಒಬ್ಬರು ಇನ್ನೊಬ್ಬರ ಪಾಸ್‌ವರ್ಡ್ ರೀಸೆಟ್ ಮಾಡಲು ಹೋದದ್ದು. 4767 ಲಾಕ್ ಬಿಡಿಸಿದ್ದು, 4740 ಲಾಕ್ ಆದದ್ದು. ಗ್ಲೋಬಲ್ ಗುಂಪಿಗೆ ಯಾರನ್ನಾದರೂ ಸೇರಿಸಿದರೆ 4728. ನಮ್ಮ ಡೆಲಿಗೇಟ್ ಗುಂಪಿನ ಹೆಸರಿರುವ 4728 ಬಂದರೆ ನಿಮಗೆ ಮೇಲ್ ಬರುವ ಹಾಗೆ ಮಾಡಿಕೊಳ್ಳಿ. ಕೆಲಸ ಯಾವ ಡೊಮೇನ್ ಕಂಟ್ರೋಲರ್‌ನಲ್ಲಿ ನಡೆಯಿತೋ ಅದರ ಲಾಗ್‌ನಲ್ಲಿ ಮಾತ್ರ ದಾಖಲೆ ಇರುತ್ತದೆ, ಎರಡೂ ಕಡೆ ನೋಡಬೇಕು.

ವಾಪಸ್ ತಗೊಳ್ಳುವುದು

ಒಬ್ಬರು ಕೆಲಸ ಬಿಟ್ಟರೆ ಗುಂಪಿನಿಂದ ಹೆಸರು ತೆಗೆಯಿರಿ. ಆದರೆ ಅವರು ಆಗಲೇ ಲಾಗಿನ್ ಆಗಿದ್ದರೆ ಹಳೇ ಸದಸ್ಯತ್ವ ಅವರ ಕರ್ಬರಾಸ್ ಟಿಕೆಟ್‌ನಲ್ಲಿ ಇನ್ನೂ ಇರುತ್ತದೆ. ಆ ಟಿಕೆಟ್‌ನ ಆಯಸ್ಸು ಮಾಮೂಲಿ ಸೆಟ್ಟಿಂಗ್‌ನಲ್ಲಿ 10 ಗಂಟೆ. ಮನಸ್ತಾಪದಲ್ಲಿ ಹೋಗುತ್ತಿರುವವರಾದರೆ ಖಾತೆಯನ್ನೇ ಡಿಸೇಬಲ್ ಮಾಡಿ, ಅವರ ಕಂಪ್ಯೂಟರ್ ಲಾಗ್‌ಆಫ್ ಮಾಡಿಸಿ.

ಡೆಲಿಗೇಶನ್ನೇ ಬೇಡವಾದರೆ ಓಯು ಅಡ್ವಾನ್ಸ್ಡ್ ಸೆಕ್ಯುರಿಟಿಯಲ್ಲಿ ಆ ಗುಂಪಿನ ಸಾಲುಗಳನ್ನು ಒಂದೊಂದಾಗಿ 'ರಿಮೂವ್' ಮಾಡಿ. ವಿಝಾರ್ಡ್ ಎರಡು ಸಲ ಓಡಿಸಿದ್ದೀರಿ, ಹಾಗಾಗಿ ಸಾಲುಗಳು ಒಂದಕ್ಕಿಂತ ಜಾಸ್ತಿ ಇರುತ್ತವೆ. ನಾಲ್ಕನೇ ಹೆಜ್ಜೆಯಲ್ಲಿ ಕಾಪಿ ಮಾಡಿಟ್ಟ ಸಾರಾಂಶ ಪಕ್ಕದಲ್ಲಿ ಇಟ್ಟುಕೊಂಡು ತಾಳೆ ನೋಡಿ. ಸಾಲುಗಳೆಲ್ಲ ಹೋದ ಮೇಲೆ ಕೊನೆಗೆ ಗುಂಪು ಅಳಿಸಿ. ಗುಂಪನ್ನೇ ಮೊದಲು ಅಳಿಸಿದರೆ ಆ ಸಾಲುಗಳಲ್ಲಿ ಹೆಸರಿನ ಬದಲು ಎಸ್-1-5-21 ಅಂತ ಶುರುವಾಗುವ ಉದ್ದನೆಯ ನಂಬರ್ ಉಳಿಯುತ್ತದೆ, ಅದು ಯಾವ ಗುಂಪಿನದ್ದಾಗಿತ್ತು ಅಂತ ಆಮೇಲೆ ಬಂದವರಿಗೆ ತಿಳಿಯುವುದಿಲ್ಲ.